ಸಂಘದ ಕಂಪ್ಯೂಟರಿನೊಳಗಿನ ಮಹಾರಾಜ

ಕನ್ನಡಕ ಎಲ್ಲಿಟ್ಟೆ ಎಂಬುದು ನನಗೆ ಹತ್ತು ನಿಮಿಷಕ್ಕೆ ಮರೆತುಹೋಗುತ್ತದೆ. ಹೆಂಡತಿ ತರಲು ಹೇಳಿದ ಕೊತ್ತಂಬರಿ ಸೊಪ್ಪು ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ಮರೆತಿರುತ್ತದೆ. ಆದರೆ ನಾಲ್ಕು ಜನರ ಮುಂದೆ ಮಾನ ಹೋದದ್ದು ಮಾತ್ರ ಹದಿನೈದು ವರ್ಷವಾದರೂ ಮರೆಯುವುದಿಲ್ಲ. ನನ್ನದಂತೂ ನಾಲ್ಕಲ್ಲ, ನಾನೂರು ಜನರ ಮುಂದೆ ಹೋಗಿತ್ತು. ಸಾಲದ್ದಕ್ಕೆ ಅದನ್ನು ವಿಡಿಯೋ ಮಾಡಿ ನಮ್ಮ ಕನ್ನಡ ಸಂಘದ ಕಂಪ್ಯೂಟರಿನಲ್ಲಿ ಜೋಪಾನವಾಗಿ ಇಟ್ಟಿದ್ದರು.

ಆ ಕಂಪ್ಯೂಟರ್ ಕೆಟ್ಟು ಮೂಲೆ ಸೇರಿದ್ದು ನನ್ನ ಪುಣ್ಯವೆಂದುಕೊಂಡಿದ್ದೆ. ಈ ಸಲದ ವಾರ್ಷಿಕೋತ್ಸವದಲ್ಲಿ ಹಳೆಯ ನಾಟಕ ತೋರಿಸೋಣ ಎಂದು ಅಧ್ಯಕ್ಷರು ಹೇಳಿದರು. "ರಿಪೇರಿಯ ಜವಾಬ್ದಾರಿ ನನ್ನದು" ಎಂದು ಎಲ್ಲರಿಗಿಂತ ಮೊದಲು ಕೈಯೆತ್ತಿದೆ. ಎಲ್ಲ ಫೈಲುಗಳನ್ನೂ ತಂದುಕೊಡುವುದು, ನನ್ನ ನಾಟಕವೊಂದನ್ನು ಮಾತ್ರ ಅಳಿಸಿ, "ಹಾಳಾಗಿತ್ತು" ಎನ್ನುವುದು ನನ್ನ ಲೆಕ್ಕಾಚಾರ. ಸಭೆ ಚಪ್ಪಾಳೆ ತಟ್ಟಿತು. ಬೆಕ್ಕನ್ನು ಹಾಲಿಗೆ ಕಾವಲಿಟ್ಟದ್ದು ಹೆಂಡತಿಯೊಬ್ಬಳಿಗೇ ಹೊಳೆದದ್ದು. "ಸತ್ತ ಡಬ್ಬದ ಮೇಲೆ ಇದೇನ್ರೀ ಇದ್ದಕ್ಕಿದ್ದ ಹಾಗೆ ಪ್ರೀತಿ?" ಎಂದಳು.

ಗ್ರಾಂಟ್ ರೋಡಿನ ಹತ್ತಿರ ಉಡುಪಿ ಕಡೆಯವರೊಬ್ಬರ ಕಂಪ್ಯೂಟರ್ ಅಂಗಡಿ ಇದೆ. ಅವರು ಡಬ್ಬವನ್ನು ಒಮ್ಮೆ ಚಾಲೂ ಮಾಡಿ ನೋಡಿದರು. "ಹಾರ್ಡ್ ಡಿಸ್ಕ್ ಸತ್ತದ್ದಲ್ಲ ಮಾರಾಯ್ರೆ, ಅದನ್ನು ಎಬ್ಬಿಸುವ ಸಾಫ್ಟ್‌ವೇರ್ ಮಾತ್ರ ಹೋದದ್ದು. ಈ ಸಿ.ಡಿ. ಹಾಕಿ ಸ್ಟಾರ್ಟ್ ಮಾಡಿ, ಒಳಗಿನ ಫೈಲೆಲ್ಲ ಕಾಣ್ತದೆ. ಬೇಕಾದ್ದನ್ನು ಪೆನ್ ಡ್ರೈವಿಗೆ ತೆಗೀರಿ. ಡಿಲೀಟ್ ಮಾಡುವಾಗ ಜಾಗ್ರತೆ. ಇದರಲ್ಲಿ ಮಾಡಿದ್ರೆ ಕಸದ ಬುಟ್ಟಿಗೂ ಹೋಗುದಿಲ್ಲ, ಸೀದಾ ವೈಕುಂಠವೇ" ಎಂದರು. ನನಗೆ ಬೇಕಾದದ್ದೂ ಅದೇ ವೈಕುಂಠ.

ನಡೆದದ್ದನ್ನು ಈಗ ಹೇಳಿಬಿಡುತ್ತೇನೆ. ಧಾರವಾಡದ ಬಸವರಾಜ ನನ್ನ ಆಫೀಸಿನ ಗೆಳೆಯ. ಅವನೇ ಒಂದು ನಾಟಕ ಬರೆದು, ನನ್ನನ್ನು ಮಹಾರಾಜನನ್ನಾಗಿ ಮಾಡಿದ. ತಾಲೀಮಿಗೆ ಸಮಯವೆಲ್ಲಿ? ದಿನಾ ಬೆಳಿಗ್ಗೆ ಕುರ್ಲಾದಲ್ಲಿ ಸ್ಲೋ ಲೋಕಲ್ ರೈಲು ಹತ್ತಿ ಪರೇಲ್‌ನಲ್ಲಿ ಇಳಿಯುವವರೆಗೆ, ಅವರಿವರ ಕಂಕುಳಿನಡಿ ನಿಂತು ಬಸವರಾಜನಿಗೆ ಮಾತು ಒಪ್ಪಿಸುತ್ತಿದ್ದೆ. ಸಾಯನ್‌ನಲ್ಲಿ ಸೇನಾಪತಿಯನ್ನು ಗದರಿಸುವುದು, ಮಾಟುಂಗಾದಲ್ಲಿ ಪುತ್ರಶೋಕ, ದಾದರ್‌ನಲ್ಲಿ ಜನ ನುಗ್ಗುವಾಗ ಯುದ್ಧ. ಹೀಗೆ ಎರಡು ತಿಂಗಳು ಕಲಿತೆ. ಆದರೆ ವೇದಿಕೆಯ ಮೇಲೆ ಸ್ಟೇಷನ್ನುಗಳಿರಲಿಲ್ಲ. ಸತ್ತ ರಾಜಕುಮಾರನ ಮುಂದೆ ನಿಂತವನಿಗೆ ಒಂದಕ್ಷರವೂ ನೆನಪಾಗಲಿಲ್ಲ. ಎಡಗಡೆಯ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದಿದ್ದ ಬಸವರಾಜ, "ಲೇ, ಮಾಟುಂಗಾ ಬಂತು!" ಎಂದು ಪಿಸುಗುಟ್ಟಿದ. ನಾನು ಎದೆ ಬಡಿದುಕೊಂಡು, "ಅಯ್ಯೋ! ಮಾಟುಂಗಾ ಬಂತು!" ಎಂದು ಗೋಳಾಡಿದೆ. ಹೆಣವಾಗಿದ್ದ ರಾಜಕುಮಾರ ಎದ್ದು ಕುಳಿತು ನಕ್ಕ. ಮುಂದೆ ಎಷ್ಟೋ ವರ್ಷ ಜನ ನನ್ನನ್ನು ಮಾಟುಂಗಾ ಮಹಾರಾಜ ಎಂದೇ ಕರೆದರು.

ಅಂಗಡಿಗೆ ಹೋಗಿಬಂದ ಮರುದಿನ ಮಧ್ಯಾಹ್ನ ಸಂಘದ ಕೋಣೆಯಲ್ಲಿ ಒಬ್ಬನೇ ಕುಳಿತು ಸಿ.ಡಿ. ಹಾಕಿದೆ. ಅದು ಗರಗರ ತಿರುಗಿ, ಎಷ್ಟೋ ಹೊತ್ತಿನ ಮೇಲೆ ಫೈಲುಗಳ ಸಾಲು ಮೂಡಿತು. ಉಳಿದವನ್ನು ನಕಲು ಮಾಡಿಕೊಂಡು, ನಾಟಕದ ಫೈಲಿನ ಮೇಲೆ ಡಿಲೀಟ್ ಒತ್ತಿದೆ. ಖಂಡಿತವೇ ಎಂದು ಕೇಳಿತು. ಕೊಲ್ಲುವ ಮೊದಲು ಒಮ್ಮೆ ಮುಖ ನೋಡೋಣವೆನಿಸಿ, ಬೇಡ ಎಂದು ಒತ್ತಿ, ತೆರೆದೆ.

ಕ್ಯಾಮೆರಾವನ್ನು ಎಡಪರದೆಯ ಪಕ್ಕದಲ್ಲೇ ಇಟ್ಟಿದ್ದರೆಂದು ಕಾಣುತ್ತದೆ. ನಾನು ದೂರದಲ್ಲೆಲ್ಲೋ ಕಿರೀಟ ಹೊತ್ತು ಬಾಯಿ ಆಡಿಸುತ್ತಿದ್ದೆ. ಕೇಳಿಸುತ್ತಿದ್ದುದೆಲ್ಲ ಬಸವರಾಜನ ದನಿ. ಮಾಟುಂಗಾ ಬಂತು, ನಗೆ ಎದ್ದಿತು, ನಾನು ಕಲ್ಲಾಗಿ ನಿಂತೆ. ಆ ಗದ್ದಲದಲ್ಲಿ ಅಂದು ನನಗೆ ಕೇಳಿಸದೇ ಹೋದ ಮಾತು ಈಗ ಕೇಳಿಸಿತು. "ನಗಲಿ ಬಿಡಪಾ. ಹೆದರಬ್ಯಾಡ, ನಾ ಇಲ್ಲೇ ಅದೀನಿ. ಮುಂದ ಹೇಳು."

ಬಸವರಾಜ ತೀರಿಕೊಂಡು ಮೂರು ವರ್ಷವಾಯಿತು. ಅವನ ದನಿ ಇನ್ನೆಲ್ಲೂ ಉಳಿದಿಲ್ಲ. ಆ ಒಂದು ಮಾತನ್ನು ಹನ್ನೊಂದು ಸಲ ಕೇಳಿದೆ. ಆಮೇಲೆ ಫೈಲನ್ನು ಪೆನ್ ಡ್ರೈವಿಗೆ ಎರಡು ಸಲ ನಕಲು ಮಾಡಿದೆ, ಒಂದು ಹೋದರೆ ಇನ್ನೊಂದಿರಲಿ ಎಂದು. ಒಂದೇ ಪೆನ್ ಡ್ರೈವಿನಲ್ಲಿ ಎರಡಿಟ್ಟರೆ ಪ್ರಯೋಜನವಿಲ್ಲವೆಂದು ಹೆಂಡತಿ ಹೇಳಿದ ಮೇಲೆಯೇ ಹೊಳೆದದ್ದು.

ವಾರ್ಷಿಕೋತ್ಸವದಲ್ಲಿ ಅದನ್ನು ತೋರಿಸಿದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟಕ್ಕೇ ಬಿಡದೆ ಅಧ್ಯಕ್ಷರು, ಬಸವರಾಜನ ಬಗ್ಗೆ ಎರಡು ಮಾತಾಡಿ ಎಂದು ನನ್ನನ್ನು ವೇದಿಕೆಗೆ ಕರೆದರು. ಮೈಕಿನ ಮುಂದೆ ನಿಂತೆ. ಮನೆಯಲ್ಲಿ ಕನ್ನಡಿಯ ಮುಂದೆ ಹೇಳಿ ನೋಡಿದ್ದೆಲ್ಲ ಮರೆತುಹೋಯಿತು. ಅಭ್ಯಾಸಬಲದಿಂದ ಎಡಗಡೆಯ ಪರದೆಯತ್ತ ತಿರುಗಿದೆ. ಅಲ್ಲಿ ಮಡಚಿಟ್ಟ ಕುರ್ಚಿಗಳಿದ್ದವು. ಆಗ ಹಿಂದಿನ ಸಾಲಿನಿಂದ ಯಾರೋ, "ಸರ್, ಮಾಟುಂಗಾ ಬಂತು!" ಎಂದು ಕೂಗಿದರು. ಸಭೆ ನಕ್ಕಿತು. ನಾನೂ ನಕ್ಕೆ, ಅಳುತ್ತಲೇ ನಕ್ಕೆ, ಆಮೇಲೆ ಮಾತು ತಾನಾಗಿ ಬಂತು.

ಮನೆಗೆ ಹೋಗುವಾಗ ಹೆಂಡತಿ ಕೇಳಿದಳು: "ನೀವು ಅತ್ತದ್ದು ಈಗ ಎಲ್ಲರ ಮೊಬೈಲಿನಲ್ಲೂ ಇದೆ. ಅದನ್ನೆಲ್ಲ ಅಳಿಸೋಕೆ ನಾಳೆ ಎಷ್ಟು ಸಿ.ಡಿ. ತರ್ತೀರಿ?"