ನಮ್ಮ ಮನೆ ಮೀನುಗಳ ಮರಣ ವಿಚಾರಣೆ

ಸತ್ತವರು ಯಾಕೆ ಸತ್ತರು ಎಂದು ಕೆದಕುವುದೇ ನನ್ನ ಹೊಟ್ಟೆಪಾಡು. ಮದ್ರಾಸಿನ ಎಗ್ಮೋರಿನಲ್ಲಿ ಒಂದು ವಿಮಾ ಕಚೇರಿಯಲ್ಲಿ ಕೆಲಸ. ಪಾಲಿಸಿ ಮಾಡಿಸಿ ಸ್ವಲ್ಪ ಕಾಲಕ್ಕೇ ತೀರಿಕೊಂಡವರ ಫೈಲುಗಳೆಲ್ಲ ನನ್ನ ಮೇಜಿಗೇ ಬರುತ್ತವೆ. ದಿನವಿಡೀ ಅದನ್ನೇ ಮಾಡಿ, ಬಸ್ಸಿನಲ್ಲಿ ಜೋತುಬಿದ್ದು ತಿರುವೊಟ್ಟಿಯೂರಿನ ಮನೆಗೆ ಬಂದರೆ ಅಲ್ಲೂ ಒಂದು ಹೆಣ ಕಾದಿರುತ್ತಿತ್ತು. ಕೆಲವರನ್ನು ಆಫೀಸಿನ ಕೆಲಸ ಮನೆಗೂ ಹಿಂಬಾಲಿಸಿ ಬರುತ್ತದೆ ಎನ್ನುತ್ತಾರಲ್ಲ, ಅದು ನನ್ನ ವಿಷಯದಲ್ಲಿ ಅಕ್ಷರಶಃ ನಿಜವಾಯಿತು.

ಹೆಣ ಮೀನಿನದು. ಆರನೇ ಕ್ಲಾಸಿನ ನಮ್ಮ ಮಗಳು ಹಟ ಹಿಡಿದಳೆಂದು ಅವಳಪ್ಪ ಹುಟ್ಟುಹಬ್ಬಕ್ಕೆ ಒಂದು ಅಕ್ವೇರಿಯಂ ತಂದುಕೊಟ್ಟರು. ನಮ್ಮ ಯಜಮಾನರದ್ದು ಉಡುಪಿ ಕಡೆಯ ಮನೆತನ, ಇಲ್ಲೇ ಒಂದು ಸಸ್ಯಾಹಾರಿ ಹೋಟೆಲು ನಡೆಸುತ್ತಾರೆ. ನಮ್ಮ ಮನೆಗೆ ಮೀನು ಬಂದದ್ದು ಅದೇ ಮೊದಲು. ಬಂದ ಮೀನು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಪ್ರತಿ ಸಲವೂ ಮಗಳು ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದಳು. ಅವಳು ಎದ್ದರೆ ಅಜ್ಜಿ ಏಳುತ್ತಿದ್ದರು, ಅಜ್ಜಿ ಎದ್ದರೆ ಅವರ ಮಗನೂ ಏಳುತ್ತಿದ್ದರು. ಇಡೀ ಮನೆಯ ರಾತ್ರಿ ಊಟ ಒಂದು ಬೆರಳುದ್ದದ ಮೀನಿನ ಆರೋಗ್ಯದ ಮೇಲೆ ನಿಂತಿತ್ತು.

೧. ಕಣ್ಣು ಬಿದ್ದದ್ದು

ಮೊದಲ ಮೀನು ವಾರ ತುಂಬುವ ಮೊದಲೇ ಹೊಟ್ಟೆ ಮೇಲೆ ಮಾಡಿ ತೇಲಿತು. ಸುದ್ದಿ ತಿಳಿದು ಮಹಡಿಯ ಮೇಲಿನ ತಮಿಳು ಮಾಮಿ ಇಳಿದು ಬಂದರು. ಸಮಾಧಾನ ಹೇಳಲು ಬಂದರೇನೋ ಎಂದುಕೊಂಡರೆ ಅವರ ಮುಖದಲ್ಲಿ ಸಂತೋಷ.

"ನಲ್ಲದುದಾನ್ ಮಾ," ಎಂದರು. ಒಳ್ಳೆಯದೇ ಆಯಿತಂತೆ. ನಮ್ಮ ಮೇಲೆ ಯಾರದೋ ಕೆಟ್ಟ ಕಣ್ಣು ಬಿದ್ದಿತ್ತಂತೆ, ಮೀನು ಅದನ್ನು ತನ್ನ ಮೇಲೆ ಎಳೆದುಕೊಂಡು ಮನೆಯನ್ನು ಉಳಿಸಿತಂತೆ.

ಯಜಮಾನರಿಗೆ ಈ ಮಾತು ಹಿಡಿಸಿತು. ಎರಡನೆಯದು ಸತ್ತಾಗ "ನೋಡು, ಇನ್ನೊಂದು ಗಂಡಾಂತರ ಕಳೆಯಿತು" ಎಂದರು. ಮೂರನೆಯದು ಸತ್ತಾಗ ಮಾತ್ರ ಸ್ವಲ್ಪ ಯೋಚನೆಗೆ ಬಿದ್ದರು. "ಅಲ್ಲ, ನಮ್ಮ ಮೇಲೆ ಇಷ್ಟೊಂದು ಹೊಟ್ಟೆಕಿಚ್ಚು ಯಾರಿಗೆ ಮಾರಾಯ್ತಿ? ನಮ್ಮಲ್ಲಿ ಅಂಥದ್ದು ಎಂತ ಉಂಟು?"

ನಾನೂ ಮನೆಯನ್ನು ಒಮ್ಮೆ ಸುತ್ತ ನೋಡಿದೆ. ಸುಣ್ಣ ಕಿತ್ತ ಗೋಡೆ, ಕೂತರೆ ಏಳಲು ಬಿಡದ ಸೋಫಾ.

ಆದರೆ ಅವರು ಉತ್ತರ ಕಂಡುಕೊಂಡಿರಬೇಕು. ಮರುದಿನದಿಂದ ಎದುರು ಬೀದಿಯ ಹೋಟೆಲಿನವರ ಮುಂದೆ ಹಾದುಹೋಗುವಾಗ ಎದೆ ಸ್ವಲ್ಪ ಮುಂದೆ ಮಾಡಿ ನಡೆಯತೊಡಗಿದರು. ಬದುಕಿನಲ್ಲಿ ಮೊದಲ ಸಲ ಯಾರೋ ತಮ್ಮನ್ನು ಕಂಡು ಕರುಬುತ್ತಿದ್ದಾರೆ ಎಂಬ ಸುಖವೇ ಬೇರೆ.

೨. ಊಟೋಪಚಾರ

ನಮ್ಮ ಅತ್ತೆಗೆ ಯಾರಾದರೂ ಬಾಯಿ ತೆರೆದರೆ ಸಾಕು, ಅದು ಹಸಿವೆಂದೇ ಅರ್ಥ. ಹೋಟೆಲಿನವರ ಮನೆಯ ಸೊಸೆಯಾಗಿ ಬಂದವರು. ಮೀನಿನ ಬಾಯಿ ಇಡೀ ದಿನ ತೆರೆದು ಮುಚ್ಚಿ ಮಾಡುವುದನ್ನು ನೋಡಿ ಅವರ ಕರುಳು ಕಿತ್ತು ಬಂತು.

"ಬೆಳಿಗ್ಗೆಯಿಂದ ಬಾಯಿ ಬಾಯಿ ಬಿಡ್ತಾ ಉಂಟು. ನಿಮಗೆಲ್ಲ ಕಣ್ಣು ಕಾಣುದಿಲ್ವಾ?"

ಅಂಗಡಿಯವನು ಕೊಟ್ಟ ಮೀನಿನ ಆಹಾರ ಇತ್ತು. ಆದರೆ ಅದರ ಡಬ್ಬಿ ತೆರೆದ ದಿನ ಅತ್ತೆ ಮೂಗಿಗೆ ಸೆರಗು ಹಿಡಿದು ಮೊಮ್ಮಗಳ ಕೈಯಲ್ಲಿ ಹಿಂದಿನ ಚೀಟಿ ಓದಿಸಿದರು. ಒಣಮೀನಿನ ಪುಡಿ ಹಾಕಿದ್ದಾರೆ ಎಂದು ತಿಳಿಯಿತು. ಅತ್ತೆ ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿದರು. ಆಮೇಲೆ ಕೇಳಿದರು, "ಮೀನಿಗೆ ಮೀನನ್ನೇ ತಿನ್ನಿಸುದಾ? ಅದರ ನೆಂಟರಿರಬಹುದಲ್ಲ?"

ಡಬ್ಬಿ ಬಾಗಿಲಾಚೆ ಚಪ್ಪಲಿ ಸ್ಟ್ಯಾಂಡಿಗೆ ಹೋಯಿತು. ಮೀನು ಅವತ್ತಿನಿಂದ ಸಸ್ಯಾಹಾರಿಯಾಯಿತು. ಬೆಳಿಗ್ಗೆ ಪುಡಿ ಮಾಡಿದ ಇಡ್ಲಿ, ಮಧ್ಯಾಹ್ನ ಅನ್ನದಗುಳು, ಸಂಜೆ ಕಾಫಿಯ ಹೊತ್ತಿಗೆ ಒಂದು ಚೂರು ಬನ್ನು. ಅತ್ತೆ ಹಾಕಿದ್ದು ತಿಳಿಯದೆ ಮಗಳು ಹಾಕುವಳು, ಇಬ್ಬರೂ ಹಾಕಿದ್ದು ತಿಳಿಯದೆ ಯಜಮಾನರು ಹಾಕುವರು. ಕೆಲಸದವಳು ಕೂಡ ಗುಡಿಸುತ್ತಾ ಗುಡಿಸುತ್ತಾ ಏನೋ ಹಾಕುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ನೀರು ಗಂಜಿಯಂತೆ ಕಾಣುತ್ತಿತ್ತು.

ಏಕಾದಶಿಯ ದಿನ ಅತ್ತೆಯದು ಉಪವಾಸ. ತಾನು ಉಪವಾಸವಿದ್ದು ಮನೆಯ ಜೀವವೊಂದಕ್ಕೆ ಇಡ್ಲಿ ಹಾಕುವುದು ಸರಿಯಲ್ಲವೆಂದು ಮೀನಿಗೂ ಉಪವಾಸ ಹಾಕಿಸಿದರು, ಉಳಿದವರಿಗೂ ಆಜ್ಞೆಯಾಯಿತು. ಅವತ್ತು ಆ ಮೀನು ಹಿಂದೆಂದೂ ಕಾಣದಷ್ಟು ಚುರುಕಾಗಿ ತೊಟ್ಟಿಯ ಉದ್ದಗಲಕ್ಕೆ ಓಡಾಡಿತು. ಎಲ್ಲರೂ ನಿಂತು ನೋಡಿದೆವು.

ಇದರಿಂದ ಯಾರಾದರೂ ಒಂದು ಪಾಠ ಕಲಿಯಬೇಕಾಗಿತ್ತು. ಅತ್ತೆ ಕಲಿತರು. "ಕಂಡಿರಾ, ಏಕಾದಶಿಯ ಪುಣ್ಯ," ಎಂದು ಮರುದಿನ ಪಾರಣೆಗೆ ಮೀನಿಗೆ ಎರಡು ಪಾಲು ಹಾಕಿದರು. ದ್ವಾದಶಿಯ ಸಂಜೆ ಅದು ಮುಕ್ತಿ ಪಡೆಯಿತು.

೩. ಕಾಸಿಮೇಡಿನ ಪರಿಣತಿ

ನಮ್ಮ ಬೀದಿಯಲ್ಲಿ ದಿನಾ ಬೆಳಿಗ್ಗೆ ಒಬ್ಬ ಹೆಂಗಸು ಕಾಸಿಮೇಡಿನ ಬಂದರಿನಿಂದ ಮೀನು ತಂದು ಮಾರುತ್ತಾಳೆ. ನಮ್ಮ ಬಾಗಿಲಿಗೆ ಬಂದಾಗ ಮಾತ್ರ ಅವಳ ಕೂಗು ನಿಲ್ಲುತ್ತದೆ, ಪಕ್ಕದ ಮನೆಯ ಮುಂದೆ ಮತ್ತೆ ಶುರುವಾಗುತ್ತದೆ. ಎಷ್ಟೋ ವರ್ಷದ ಮರ್ಯಾದೆ ಅದು.

ಒಂದು ದಿನ ಯಜಮಾನರು ಗೇಟಿಗೆ ಓಡಿ ಅವಳನ್ನು ಕರೆದರು. ಬೀದಿ ನಿಂತುಬಿಟ್ಟಿತು. ಎದುರು ಮನೆಯವರು ಹಲ್ಲುಜ್ಜುವುದನ್ನು ನಿಲ್ಲಿಸಿದರು. ಅವಳಿಗೇ ಗಾಬರಿಯಾಗಿ, "ಸಾಮಿ, ನಿಜವಾಗಿಯೂ ನನ್ನನ್ನೇ ಕರೆದಿರಾ?" ಎಂದು ತಮಿಳಿನಲ್ಲಿ ಕೇಳಿದಳು.

ಇವರು ಅವಳನ್ನು ಒಳಗೆ ಕರೆದು, ಬೆಳಿಗ್ಗೆ ಸತ್ತ ಮೀನನ್ನು ಬಾಳೆಲೆಯ ಮೇಲೆ ತೋರಿಸಿ, ಹೀಗೆ ಯಾಕಾಗುತ್ತದೆ, ಮೀನನ್ನು ಬದುಕಿಸಿಕೊಳ್ಳುವುದು ಹೇಗೆ ಎಂದು ಕೇಳಿದರು.

ಅವಳು ಬುಟ್ಟಿ ಇಳಿಸಿ, ಮೀನಿನ ಕಿವಿರು ಎತ್ತಿ ನೋಡಿ, ಬೆರಳಿನಿಂದ ಹೊಟ್ಟೆ ಒತ್ತಿ ನೋಡಿ, ಮೂಸಿಯೂ ನೋಡಿದಳು. ನಾವೆಲ್ಲ ಡಾಕ್ಟರ ಮುಂದೆ ನಿಂತವರ ಹಾಗೆ ನಿಂತಿದ್ದೆವು. ಕೊನೆಗೆ ಅವಳು ತೀರ್ಪು ಕೊಟ್ಟಳು.

"ಸಾಮಿ, ಮೀನು ಫ್ರೆಶ್ಶಾಗಿದೆ. ಇವತ್ತೇ ಸತ್ತದ್ದು. ಬದುಕಿರೋ ಮೀನಿನ ವಿಷಯ ನನಗೇನು ಗೊತ್ತು? ನನ್ನ ಹತ್ತಿರ ಬರೋವಾಗ ಎಲ್ಲಾ ಮುಗಿದಿರುತ್ತೆ."

ನನ್ನ ಕೆಲಸದ ಬಗ್ಗೆ ಇಷ್ಟು ಚೆನ್ನಾಗಿ ನಾನೂ ಹೇಳಲಾರೆ. ಹೊಡೆತ ಬಿದ್ದದ್ದು ಬೇರೆ ಕಡೆ. ಅವಳು ನಮ್ಮ ಮನೆಯೊಳಗಿಂದ ಹೊರಬಂದದ್ದನ್ನು ಇಡೀ ಬೀದಿ ನೋಡಿತ್ತಲ್ಲ, ಮಧ್ಯಾಹ್ನ ಹೋಟೆಲಿಗೆ ಬಂದ ಹಳೇ ಗಿರಾಕಿಯೊಬ್ಬರು ಯಜಮಾನರನ್ನು ಹತ್ತಿರ ಕರೆದು, ದನಿ ತಗ್ಗಿಸಿ, ಇಲ್ಲಿ ಮೀನಿನ ಸಾರು ಯಾವತ್ತಿನಿಂದ ಎಂದು ಕೇಳಿದರಂತೆ.

೪. ಅತಿಥಿ ಮತ್ತು ಕ್ಯಾನ್ ನೀರು

ಆಮೇಲೆ ತಪ್ಪೆಲ್ಲ ನೀರಿನ ಮೇಲೆ ಬಿತ್ತು. ಸಮುದ್ರ ಹತ್ತಿರವಾದ್ದರಿಂದ ನಮ್ಮ ಬೋರ್ ನೀರು ಉಪ್ಪು. ಟ್ಯಾಂಕರಿನಲ್ಲಿ ಬರುವ ನೀರಿಗೆ ಬ್ಲೀಚಿಂಗ್ ಪೌಡರಿನ ವಾಸನೆ. ಹಾಗಾಗಿ ಮೀನಿಗೆ ಕ್ಯಾನ್ ನೀರು ಎಂದು ತೀರ್ಮಾನವಾಯಿತು. ನಾವು ಟ್ಯಾಂಕರ್ ನೀರನ್ನೇ ಕಾಯಿಸಿ ಸೋಸಿ ಕುಡಿಯುತ್ತಿದ್ದೆವು.

ಆ ದಿನಗಳಲ್ಲೇ ಯಜಮಾನರ ಸೋದರಮಾವ ಊರಿನಿಂದ ಬಂದರು. ಮದ್ರಾಸಿನ ನೀರಿನ ಬಗ್ಗೆ ಮೊದಲೇ ಅವರಿಗೆ ಭಯ. ಮೂಲೆಯಲ್ಲಿದ್ದ ಕ್ಯಾನು ಕಂಡು ಸಮಾಧಾನಪಟ್ಟು ಲೋಟ ಹಿಡಿದು ಹೋದರೆ ಅತ್ತೆ ತಡೆದರು.

"ಅದು ಬೇಡ ಅಣ್ಣ. ಅದು ಮೀನಿಗೆ. ನಿನಗೆ ಕಾಯಿಸಿಟ್ಟದ್ದು ಉಂಟು."

ಮಾವನವರು ಲೋಟ ಕೆಳಗಿಟ್ಟು ತೊಟ್ಟಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಕ್ಯಾನ್ ನೀರಿನಲ್ಲಿ ತೇಲುತ್ತಾ, ಇಡ್ಲಿ ತಿನ್ನುತ್ತಾ, ಗುಳ್ಳೆಗಳ ನಡುವೆ ಓಲಾಡುತ್ತಿದ್ದ ಮೀನನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿ ಹೇಳಿದರು, "ಮುಂದಿನ ಜನ್ಮ ಅಂತ ಒಂದಿದ್ದರೆ ನಿಮ್ಮ ಮನೆ ಮೀನಾಗಿ ಹುಟ್ಟಬೇಕು ಮಾರಾಯ್ತಿ."

ಮರುದಿನ ಬೆಳಿಗ್ಗೆ ಮೀನು ತೇಲುತ್ತಿತ್ತು. ಮಾವನವರು ಕಾಫಿ ಲೋಟ ಹಿಡಿದು ಅದನ್ನೇ ನೋಡುತ್ತಾ ನಿಂತಿದ್ದವರು ಮೆಲ್ಲಗೆ ಅಡುಗೆಮನೆಗೆ ಬಂದರು.

"ನಿನ್ನೆ ನಾನು ಹೇಳಿದ್ದುಂಟಲ್ಲ, ಅದನ್ನು ಮನಸ್ಸಲ್ಲಿಟ್ಟುಕೊಳ್ಳಬೇಡ."

೫. ವಿಚಾರಣೆ

ಆ ಮೀನಿಗೆ ಮಗಳು ಅಳಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. ನಮ್ಮ ಕನ್ನಡ ಅವಳಿಗೆ ಪೂರಾ ಅರ್ಥವಾದರೂ ಉತ್ತರ ಯಾವಾಗಲೂ ತಮಿಳಿನಲ್ಲೇ. ಅವತ್ತೂ ತಮಿಳಿನಲ್ಲಿ, ಹೋಂವರ್ಕಿನ ಪುಸ್ತಕದಿಂದ ತಲೆ ಎತ್ತದೆ ಹೇಳಿದಳು: ಇನ್ನೊಂದೇ ಒಂದು ತರೋಣ. ಅದೂ ಸತ್ತರೆ ತೊಟ್ಟಿ ಯಾರಿಗಾದರೂ ಕೊಟ್ಟುಬಿಡಿ. ಸಾಯಿಸೋದಕ್ಕೆ ಅಂತ ನಾನು ಸಾಕಲ್ಲ. ಹನ್ನೊಂದು ವರ್ಷದ ಮಗುವಿನ ಬಾಯಲ್ಲಿ ಬರಬೇಕಾದ ಮಾತಲ್ಲ ಅದು.

ಆ ಭಾನುವಾರ ನಾನು ಆಫೀಸಿನ ಕ್ರಮದಲ್ಲೇ ವಿಚಾರಣೆಗೆ ಕೂತೆ. ಒಬ್ಬೊಬ್ಬರನ್ನೇ ಬೇರೆ ಬೇರೆ ಕರೆದು, ಮೀನನ್ನು ಕಡೆಯ ಬಾರಿ ಜೀವಂತವಾಗಿ ಕಂಡದ್ದು ಯಾವಾಗ ಎಂದು ಕೇಳಿದೆ. ಎಲ್ಲರ ಹೇಳಿಕೆಯೂ ಒಂದೇ ಕಡೆ ಬಂದು ನಿಂತಿತು. "ತೊಟ್ಟಿ ತೊಳೆಯುವಾಗ ಚೆನ್ನಾಗಿಯೇ ಇತ್ತು." ತೊಳೆಯುವುದು ಯಜಮಾನರ ಕೆಲಸ.

"ನೀವು ತೊಳೆಯುವುದು ಹೇಗೆ?" ಎಂದು ಯಜಮಾನರನ್ನು ಕೇಳಿದೆ.

ಅವರು ಅಭಿಮಾನದಿಂದಲೇ ವಿವರಿಸಿದರು. ಹೋಟೆಲಿನಲ್ಲಿ ಸಾಂಬಾರಿನ ಹಂಡೆ ಹೇಗೋ ಹಾಗೆ. ದಿನಾ ಸಂಜೆ ಇದ್ದ ನೀರನ್ನೆಲ್ಲ ಚೆಲ್ಲಿ, ಗಾಜಿಗೆ ಹುಣಸೆಹಣ್ಣು ಹಾಕಿ ತಿಕ್ಕಿ, ಕಲ್ಲುಗಳನ್ನು ಬಿಸಿನೀರಿನಲ್ಲಿ ಅದ್ದಿ, ಗಾಳಿ ಬಿಡುವ ಯಂತ್ರದ ಸ್ಪಂಜನ್ನು ಕುದಿಸಿ ಒಣಗಿಸಿ, ಹೊಸ ನೀರು. "ನಿನ್ನೆಯ ನೀರು ಇವತ್ತಿನ ಪಾತ್ರೆಯಲ್ಲಿ ಇರಕೂಡದು. ನಮ್ಮ ಅಪ್ಪನ ಕಾಲದಿಂದ ಬಂದ ಕ್ರಮ ಅದು. ಇಷ್ಟು ವರ್ಷದಲ್ಲಿ ನಮ್ಮಲ್ಲಿ ಉಂಡವರು ಯಾರಾದರೂ ಸತ್ತದ್ದುಂಟಾ?"

ನಾನು ಮಗಳನ್ನು ಕರೆದುಕೊಂಡು ಮೀನಿನ ಅಂಗಡಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಅಂಗಡಿಯವನು ನಕ್ಕು, ಹಳೇ ನೀರಿನಲ್ಲಿ, ಕಲ್ಲಿನಲ್ಲಿ, ಸ್ಪಂಜಿನಲ್ಲಿ ಒಂದು ಬಗೆಯ ಒಳ್ಳೇ ಕ್ರಿಮಿ ಬೆಳೆಯುತ್ತದೆ, ಮೀನಿನ ಗಲೀಜಿನ ವಿಷವನ್ನು ತಿಂದು ಮುಗಿಸುವುದು ಅದೇ, ಅದನ್ನು ದಿನಾ ತೊಳೆದು ಕೊಂದರೆ ಮೀನು ತನ್ನ ಗಲೀಜಿನಲ್ಲೇ ಸಾಯುತ್ತದೆ ಎಂದ. ನನಗೆ ಮೈ ಉರಿಯಿತು. ಇಷ್ಟು ದಿನದಿಂದ ನಿಮ್ಮಲ್ಲೇ ಮೀನು ಕೊಳ್ಳುತ್ತಿದ್ದೇವೆ, ಒಂದು ಮಾತು ಹೇಳಬಾರದಿತ್ತೇ ಎಂದೆ.

"ನೀವು ಬಂದಾಗೆಲ್ಲ ಮೀನು ಕೇಳಿದಿರಿ ಮೇಡಂ," ಎಂದ. "ಕಾರಣ ಕೇಳಿದ್ದು ಇವತ್ತೇ ಮೊದಲು."

೬. ಹೆಪ್ಪು

ಮನೆಯಲ್ಲಿ ಒಳ್ಳೇ ಕ್ರಿಮಿಯ ಮಾತೆತ್ತಿದಾಗ ಯಜಮಾನರಿಗೆ ಅವಮಾನವಾಯಿತು. "ನಮ್ಮ ಮನೆಯಲ್ಲಿ ಕ್ರಿಮಿ ಸಾಕುದಾ?"

ಅತ್ತೆಗೆ ನಾನು ಬೇರೆ ರೀತಿ ಹೇಳಿದೆ. "ಅತ್ತೆ, ಅದು ಹೆಪ್ಪು ಇದ್ದ ಹಾಗೆ. ನಿನ್ನೆಯ ಮೊಸರು ಒಂದು ಚಮಚ ಉಳಿಸದಿದ್ದರೆ ಇವತ್ತಿನ ಹಾಲು ಮೊಸರಾಗುತ್ತದೆಯೇ?"

ಅವರಿಗೆ ಅರೆಕ್ಷಣದಲ್ಲಿ ತಿಳಿಯಿತು. ಮಗನ ಕಡೆ ತಿರುಗಿ, "ಹೆಪ್ಪಿನ ಪಾತ್ರೆಯನ್ನು ದಿನಾ ತೊಳೆದಿಟ್ಟಿಯಲ್ಲ, ನೀನೆಂಥ ಹೋಟೆಲಿನವ ಮಾರಾಯ," ಎಂದರು.

ಮುಂದಿನ ಶನಿವಾರ ಮಗಳು ಕೊನೆಯ ಮೀನನ್ನು ತಂದಳು. ಜೊತೆಗೆ ಅಂಗಡಿಯವನು ತನ್ನ ತೊಟ್ಟಿಯ ಹಳೇ ಸ್ಪಂಜನ್ನು ಹಿಂಡಿದ ನೀರನ್ನು ಒಂದು ಕವರಿನಲ್ಲಿ ಕೊಟ್ಟಿದ್ದ. ಮೀನಿದ್ದ ಕವರನ್ನು ಹಾಗೇ ತೊಟ್ಟಿಯಲ್ಲಿ ತೇಲಿಬಿಟ್ಟು, ನೀರಿನ ತಣ್ಪಿಗೆ ಮೀನು ಹೊಂದಿಕೊಳ್ಳಲೆಂದು ಮಗಳು ಕಾವಲು ಕೂತಳು. ಇತ್ತ ಅತ್ತೆ, ಹೆಪ್ಪು ಪ್ಲಾಸ್ಟಿಕ್ಕಿನಲ್ಲಿ ಇರಬಾರದೆಂದು ಆ ನೀರನ್ನು ಸ್ಟೀಲಿನ ಚೊಂಬಿಗೆ ಸುರಿದು, ತಟ್ಟೆ ಮುಚ್ಚಿ, ಹೆಪ್ಪಿನ ಜಾಗ ಅಡುಗೆಮನೆಯೇ ಎಂದು ಅಲ್ಲೇ ಒಯ್ದು ಇಟ್ಟರು.

ಯಜಮಾನರು ಹೋಟೆಲಿನಿಂದ ಬಂದರು. ಅವರಿಗೆ ಅಡುಗೆಮನೆಯಲ್ಲಿ ಮುಚ್ಚಿಟ್ಟದ್ದು ಕಂಡರೆ ಎತ್ತಿ ರುಚಿ ನೋಡದೆ ಕೈ ನಿಲ್ಲುವುದಿಲ್ಲ, ಅದು ವೃತ್ತಿಯ ಚಟ. ಬಿಸಿಲಿನಲ್ಲಿ ಬಂದವರು ಚೊಂಬೆತ್ತಿ ಗಟಗಟ ಕುಡಿದು, ಮೀಸೆ ಒರೆಸಿಕೊಂಡು ಹೊರಗೆ ಬಂದು ನನಗೆ ಹೇಳಿದರು, "ನೀರುಮಜ್ಜಿಗೆ ಯಾರು ಮಾಡಿದ್ದು? ಇಂಗು ಜಾಸ್ತಿಯಾಗಿದೆ, ಉಪ್ಪೇ ಇಲ್ಲ."

ಅತ್ತೆ ವಿಷಯ ಹೇಳಿದರು. ಯಜಮಾನರು ಬಚ್ಚಲಿಗೆ ಓಡಿದರು. ಅಲ್ಲಿಂದ ಬಂದ ಸದ್ದುಗಳನ್ನು ಬರೆಯುವುದು ಬೇಡ.

ಮಗಳು ಅಡುಗೆಮನೆಗೆ ಓಡಿ ಚೊಂಬು ನೋಡಿದಳು. ಅರ್ಧ ಉಳಿದಿತ್ತು. ಅವಳು ಅದನ್ನು ಎದೆಗೊತ್ತಿ ಹಿಡಿದುಕೊಂಡು ಬಂದಳು, ಆದರೆ ತೊಟ್ಟಿಗೆ ಸುರಿಯಲಿಲ್ಲ. ಬಚ್ಚಲಿನಿಂದ ಬಂದ ಅಪ್ಪನನ್ನು ತೊಟ್ಟಿಯ ಮುಂದೆ ಕುರ್ಚಿಯಲ್ಲಿ ಕೂರಿಸಿದಳು. ಎದುರಿಗೆ ತಾನೊಂದು ಸ್ಟೂಲು ಹಾಕಿಕೊಂಡು ಕೂತಳು. ಕಣ್ಣು ನೋಡಿದಳು, ನಾಲಿಗೆ ಚಾಚಿಸಿ ನೋಡಿದಳು, ಹೊಟ್ಟೆ ನೋಯುತ್ತಾ ಎಂದು ಮತ್ತೆ ಮತ್ತೆ ಕೇಳಿದಳು. ಇಷ್ಟು ದಿನವಾದ ಮೇಲೆ ಮಗಳು ತನ್ನ ಬಗ್ಗೆ ಕಾಳಜಿ ತೋರಿಸಿದಳೆಂದು ಅಪ್ಪನ ಕಣ್ಣು ಒದ್ದೆಯಾಗಿತ್ತು. ಅವಳ ತಲೆ ನೇವರಿಸಿ, "ನನಗೆಂತ ಆಗುದಿಲ್ಲ ಮಗಾ, ಹೆದರಬೇಡ," ಎಂದರು.

ಇನ್ನೂ ಸ್ವಲ್ಪ ಹೊತ್ತು ನೋಡಿ ಅವಳು ಎದ್ದಳು. ಚೊಂಬನ್ನು ಕೈಗೆ ತೆಗೆದುಕೊಂಡು, ಅಜ್ಜಿಗೆ ಸರಿಯಾಗಿ ತಿಳಿಯಲೆಂದು ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು.

"ಅಜ್ಜೀ, ಅಪ್ಪ ಸಾಯ್ಲಿಲ್ಲ. ಇನ್ನು ಮೀನು ಬಿಡಬಹುದು."

ಅದಾಗಿ ವರ್ಷದ ಮೇಲಾಯಿತು. ಇಬ್ಬರೂ ಆರೋಗ್ಯವಾಗಿದ್ದಾರೆ.