ಗಾಡಿ ಮುಟ್ಟಿಸದೆ ಗಾಡಿ ಕಲಿಸಿದ ಮಾವ

ನಮ್ಮ ಸೋದರಮಾವನಂಥ ಡ್ರೈವಿಂಗ್ ಮೇಷ್ಟ್ರು ಇಡೀ ಯಳಂದೂರು ತಾಲ್ಲೂಕಿನಲ್ಲೇ ಇಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಒಂದೇ ಒಂದು ಸಣ್ಣ ತೊಂದರೆ. ಪಾಠ ಶುರುವಾದ ಮೇಲೆ ನಾಲ್ಕು ತಿಂಗಳು ಅವನು ನನಗೆ ಗಾಡಿಯನ್ನೇ ಮುಟ್ಟಿಸಲಿಲ್ಲ! ಈಜು ಕಲಿಸುತ್ತೇನೆಂದವನು ನಾಲ್ಕು ತಿಂಗಳು ಬಾವಿಯ ಹತ್ತಿರಕ್ಕೇ ಬಿಡದಿದ್ದರೆ ನೀವು ಸುಮ್ಮನಿರುತ್ತೀರಾ? ನಾನು ಸುಮ್ಮನಿದ್ದೆ. ಬೇರೆ ಗತಿ ಇರಲಿಲ್ಲ.

ಯಾಕೆ ಗತಿ ಇರಲಿಲ್ಲ ಎಂದು ಹೇಳಿಬಿಡುತ್ತೇನೆ. ನಮ್ಮದು ಅಗರ. ಪಿಯುಸಿ ಮುಗಿಸಿ ಕೊಳ್ಳೇಗಾಲದಲ್ಲಿ ಬಿ.ಎಸ್ಸಿ. ಓದಬೇಕೆಂಬುದು ನನ್ನ ಆಸೆ. ಆದರೆ ಪ್ರಾಕ್ಟಿಕಲ್ ಕ್ಲಾಸು ಮುಗಿಯುವುದು ಸಂಜೆಗೆ. ಆ ಹೊತ್ತಿನ ಬಸ್ಸಿನಲ್ಲಿ ಒಂದು ಕಾಲಿಡಲು ಜಾಗ ಸಿಕ್ಕರೆ ಇನ್ನೊಂದು ಕಾಲನ್ನು ಕಾಲೇಜಿನಲ್ಲೇ ಬಿಟ್ಟು ಬರಬೇಕು. ಬಾಗಿಲಲ್ಲಿ ನೇತಾಡಿಕೊಂಡು ಬರುವ ಮಗಳನ್ನು ನೋಡಲು ಅಪ್ಪ ತಯಾರಿರಲಿಲ್ಲ.

"ಮನೇಲೇ ಕೂತ್ಕಂಡು ಕರೆಸ್ಪಾಂಡೆನ್ಸಲ್ಲಿ ಬಿ.ಎ. ಕಟ್ಬುಡು" ಎಂದು ಅಪ್ಪ ತೀರ್ಪು ಕೊಟ್ಟುಬಿಟ್ಟರು. ಅಮ್ಮನ ತಮ್ಮನಾದ ನಮ್ಮ ಮಾವ ಆಗ ಅಲ್ಲೇ ಕೂತು ಕಾಫಿ ಕುಡಿಯುತ್ತಿದ್ದ. ಮಗ್ಗುಲಲ್ಲೇ ಇರುವ ಮಾಂಬಳ್ಳಿಯಲ್ಲಿ ಅವನದೊಂದು ಹಿಟ್ಟಿನ ಮಿಲ್ಲು. ಮೀಸೆ, ಹುಬ್ಬು, ಕಿವಿ ಎಲ್ಲ ಕಡೆ ರಾಗಿಹಿಟ್ಟು.

"ಭಾವ, ಮಗಿಗೆ ಲೈಸೆನ್ಸ್ ಮಾಡ್ಸಿ ನಿನ್ನ ಸ್ಕೂಟರ್ ಕೊಟ್ರೆ?" ಅಂದ.

"ಕಾಲೇಜು ಶುರುವಾಗೋದ್ರೊಳಗೆ ಲೈಸೆನ್ಸ್ ಕೈಗೆ ಬಂದ್ರೆ ಓಗ್ಲಿ. ಬರ್ನಿಲ್ಲ ಅಂದ್ರೆ ಬಿ.ಎ.ನೇ!"

"ಬಂತು ಅಂತ್ಲೇ ತಿಳ್ಕ" ಎಂದು ಮಾವ ಲೋಟ ಕೆಳಗಿಟ್ಟ. ನನ್ನ ಬಿ.ಎಸ್ಸಿ. ಅಂದಿನಿಂದ ಆ ಹಿಟ್ಟಿನ ಮೀಸೆಯ ಕೈಗೆ ಸಿಕ್ಕಿತು.

ಆಗಷ್ಟೇ ಸಂಕ್ರಾಂತಿ ಮುಗಿದಿತ್ತು. ನನಗೆ ಹದಿನೆಂಟು ನಡೆಯುತ್ತಿತ್ತು, ತುಂಬುವುದು ಮೇ ತಿಂಗಳಿಗೆ. ನಮ್ಮೂರಲ್ಲಿ ವಯಸ್ಸಿನ ಬಗ್ಗೆ ಇಷ್ಟೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಹೇಳಿ! ಹೆಣ್ಣು ನೋಡಲು ಬಂದವರ ಮುಂದೆ ಎರಡು ವರ್ಷ ಕಡಿಮೆ, ವೃದ್ಧಾಪ್ಯ ವೇತನದ ಅರ್ಜಿಯಲ್ಲಿ ನಾಲ್ಕು ವರ್ಷ ಜಾಸ್ತಿ. ಮಾವ ಮಾತ್ರ ಒಪ್ಪಲಿಲ್ಲ. "ತುಂಬಿದ ಕೊಡ ತುಳುಕಲ್ಲ ಅಂತಾರೆ. ನೀನಿನ್ನೂ ತುಂಬಿಲ್ಲ ಕಣವ್ವ" ಅಂದ.

"ಹದಿನಾರಕ್ಕೇ ಲೈಸೆನ್ಸ್ ಕೊಡ್ತಾರಂತಲ್ಲ ಮಾವ?"

"ಕೊಡ್ತಾರೆ. ಐವತ್ತು ಸಿಸಿ ಒಳಗಿನ, ಗೇರಿಲ್ದಿರೋ ಗಾಡಿಗೆ. ಅಂತಾ ಗಾಡಿ ಈಗ ಎಲ್ಲದೆ ಏಳು? ಇಲ್ದಿರೋ ಎಮ್ಮೆಗೆ ಅಗ್ಗ ಕೊಟ್ಟಂಗೆ ಅದು. ನಿಮ್ಮಪ್ಪನ ಗಾಡಿ ನೂರಾ ಹತ್ತು ಸಿಸಿ. ಹದಿನೆಂಟು ತುಂಬ್ಲೇಬೇಕು."

ಹೀಗೆ ಹೇಳಿ ತೆಪ್ಪಗಿರುವ ಪೈಕಿಯೇ ನಮ್ಮ ಮಾವ? ನಮ್ಮ ಬೀದಿಯಲ್ಲಿ ಹೈಸ್ಕೂಲು ಹುಡುಗನೊಬ್ಬ ಅಪ್ಪನ ಬೈಕಿನಲ್ಲಿ ಇಬ್ಬರನ್ನು ಹಿಂದೆ ಕೂರಿಸಿಕೊಂಡು ಹಾರಾಡುತ್ತಿದ್ದ. ಮಾವ ಹುಡುಗನಿಗೆ ಒಂದು ಮಾತೂ ಬಯ್ಯಲಿಲ್ಲ. ನೇರವಾಗಿ ಟೀ ಅಂಗಡಿಯಲ್ಲಿದ್ದ ಅವನ ಅಪ್ಪನ ಬಳಿ ಹೋಗಿ, ಮಡಿಚಿದ ಸೊಳ್ಳೆಪರದೆಯೊಂದನ್ನು ಕೈಗಿಟ್ಟ.

"ಇದ್ಯಾಕಪ್ಪ?" ಎಂದು ಅವರು ಕಣ್ಣು ಬಿಟ್ಟರು.

"ಮಡಿಕಳಣ್ಣ, ಬೇಕಾಯ್ತದೆ. ಚಿಕ್ಕ ಮಕ್ಳು ಗಾಡಿ ಓಡ್ಸಿ ಸಿಕ್ಕಾಕಂಡ್ರೆ ಜೈಲು, ದಂಡ ಎಲ್ಲಾ ಗಾಡಿ ಕೊಟ್ಟ ಅಪ್ಪಂಗಂತೆ. ಮಗಂಗೆ ಇಪ್ಪತ್ತೈದು ತುಂಬೋಗಂಟ ಲೈಸೆನ್ಸೂ ಇಲ್ವಂತೆ. ಒಳಗಡೆ ಸೊಳ್ಳೆ ವಿಪರೀತ ಅಂತ ಕೇಳಿದ್ದೆ."

ಅಂಗಡಿಯಲ್ಲಿ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಂದು ಸಂಜೆಯೇ ಬೈಕಿನ ಕೀ ಟ್ರಂಕು ಸೇರಿತು. ಸೊಳ್ಳೆಪರದೆ ಮಾತ್ರ ವಾಪಸು ಬರಲಿಲ್ಲ. ಒಂದು ವಾರ ರಾತ್ರಿಯೆಲ್ಲ ಮಾವ ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡ ಎಂದು ಅತ್ತೆ ಈಗಲೂ ಹೇಳುತ್ತಾಳೆ.

ಇನ್ನು ನನ್ನ ಪಾಠ. ಮೊದಲ ಭಾನುವಾರ ಹೊಸ ಚೂಡಿದಾರ್ ಹಾಕಿಕೊಂಡು ಸ್ಕೂಟರಿನ ಪಕ್ಕ ನಿಂತಿದ್ದೆ. ಮಾವ ಬಂದವನು ನನ್ನ ಕೈಗೆ ಒಂದು ಕೋಲು ಕೊಟ್ಟು, ಪಕ್ಕದ ಮನೆಯ ಆಡುಗಳನ್ನು ತೋರಿಸಿ, "ಇವ್ನ ದೊಡ್ಡ ರಸ್ತೆ ದಾಟಿಸ್ಕ ಬಾ" ಅಂದ. ಆಡು ಎಂದಾದರೂ ಹೇಳಿದ ಮಾತು ಕೇಳಿದ್ದುಂಟೇ? ಎರಡು ಆಚೆ, ಮೂರು ಈಚೆ, ಒಂದು ರಸ್ತೆಯ ನಟ್ಟನಡುವೆ ನಿಂತು ಆಕಳಿಸುತ್ತಿದೆ! ಅಷ್ಟರಲ್ಲಿ ಕೊಳ್ಳೇಗಾಲದ ಕಡೆಯಿಂದ ಒಬ್ಬ ಬೈಕಿನವನು ಹಾರ್ನ್ ಒತ್ತಿದ ಬೆರಳನ್ನು ಎತ್ತದೆ ನನ್ನ ದುಪಟ್ಟಾ ಸವರಿಕೊಂಡೇ ಹೋದ. ನಾನು ಅವನ ವಂಶದ ಹಿರಿಯರನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದೆ.

ಮಾವನಿಗೆ ಖುಷಿಯೋ ಖುಷಿ. "ಬೈದ್ಯಲ್ಲ, ಅದೇ ಮೊದಲ್ನೇ ಪಾಠ. ನಾಳೆ ನೀನು ಗಾಡಿ ಓಡ್ಸುವಾಗ ಯಾರೂ ನಿನ್ನ ಅಂಗೆ ಬಯ್ಬಾರ್ದು."

ಅಂದಿನಿಂದ ಪ್ರತಿ ಭಾನುವಾರ ನನಗೊಂದು ಹೊಸ ವೇಷ. ಒಂದು ದಿನ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ರಸ್ತೆ ಪಕ್ಕ ನಡೆಯಬೇಕು. ಹೊರೆ ಹೊತ್ತವರು ಕುತ್ತಿಗೆ ತಿರುಗಿಸಿ ಹಿಂದೆ ನೋಡಲಾರರು ಎಂದು ನನಗೆ ಗೊತ್ತಾದದ್ದು ಆಗಲೇ. ಇನ್ನೊಂದು ದಿನ ತುಂಬಿದ ಕಬ್ಬಿನ ಟ್ರಾಕ್ಟರಿನಲ್ಲಿ ಡ್ರೈವರಿನ ಪಕ್ಕ ಕೂರಿಸಿದ. ಹಿಂದೆ ಯಾರಿದ್ದಾರೋ ಆ ಡ್ರೈವರಿಗೆ ದೇವರಾಣೆಗೂ ಕಾಣುವುದಿಲ್ಲ! ಮತ್ತೊಂದು ದಿನ ಎಂಬತ್ತು ದಾಟಿದ ನಮ್ಮ ಅಜ್ಜಿಯ ಕೈ ಹಿಡಿದು ರಸ್ತೆ ದಾಟಿಸಬೇಕಾಯಿತು. ಅಜ್ಜಿ ನಡುರಸ್ತೆಯಲ್ಲಿ ನಿಂತು ಎಲೆಅಡಿಕೆ ಚೀಲ ಬಿಚ್ಚಿದಳು. ಎರಡು ಕಡೆಯ ಬಸ್ಸುಗಳೂ ಕಾದು ನಿಂತವು. ನನ್ನ ಗೆಳತಿಯರು ಆ ಬಸ್ಸಿನ ಕಿಟಕಿಯಿಂದಲೇ ನೋಡಿದರು ಎನ್ನುವುದನ್ನು ಇಲ್ಲಿ ಬರೆಯದಿದ್ದರೂ ಆಗುತ್ತಿತ್ತು.

ಹನೂರಿನ ದೊಡ್ಡಮ್ಮನ ಮನೆಗೆ ಹೋದಾಗಲೂ ಪಾಠ ತಪ್ಪಲಿಲ್ಲ. ದೊಡ್ಡಮ್ಮ ಹುರುಳಿ ಗಿಡ ಕಿತ್ತು ತಂದು ಊರ ಮುಂದಿನ ಟಾರು ರಸ್ತೆಗೆ ಹರವಿದ್ದಳು. ಬಸ್ಸು ಲಾರಿಗಳು ತುಳಿದುಕೊಂಡು ಹೋಗಬೇಕು, ಕಾಳು ಉದುರಬೇಕು. ನಮ್ಮ ಕಡೆ ಬೇಕಾದಷ್ಟು ಜನ ಹೀಗೇ ಒಕ್ಕಣೆ ಮಾಡುತ್ತಾರೆ. ಮಾವ ಅದನ್ನು ನೋಡಿದವನೇ ಪಂಚೆ ಎತ್ತಿ ಕಟ್ಟಿದ.

"ಅಕ್ಕ, ಸ್ಕೂಟರ್‌ನೋರು ಇದ್ರ ಮೇಲೆ ಜಾರಿ ಬಿದ್ರೆ ಯಾರು ಒಣೆ? ತೆಗಿ ಇದ್ನ!"

"ಬಸ್ಸು ಬಿಟ್ಟಿಯಾಗಿ ಒಕ್ಕಿ ಕೊಡ್ತದೆ ಕಣ್ಲಾ. ನೀನು ಒಕ್ಕಿ ಕೊಡ್ತೀಯಾ?" ಎಂದು ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟಳು.

"ಓ, ಕೊಡ್ತೀನಿ!" ಎಂದುಬಿಟ್ಟ ಪುಣ್ಯಾತ್ಮ. ಹೇಳಿದ್ದು ಅವನು, ಬಡಿದದ್ದು ನಾವಿಬ್ಬರೂ. ಹುರುಳಿಯನ್ನೆಲ್ಲ ಅಂಗಳಕ್ಕೆ ಸಾಗಿಸಿ ಹೊತ್ತು ಇಳಿಯುವ ತನಕ ದೊಣ್ಣೆಯಲ್ಲಿ ಬಡಿದೆವು. ಅಂಗೈ ತುಂಬ ಬೊಬ್ಬೆ. ತೋರಿಸಿದರೆ, "ಹ್ಯಾಂಡ್ಲು ಇಡಿಯಕ್ಕೆ ಕೈ ಗಟ್ಟಿಯಾಯ್ತು ಬುಡು" ಎಂದು ಸಮಾಧಾನ ಬೇರೆ!

ಅಂತೂ ಮೇ ತಿಂಗಳು ಬಂತು, ನಾನು ತುಂಬಿದೆ. ಎಲ್‌ಎಲ್‌ಗೆ ಅಂದರೆ ಕಲಿಯುವವರ ಲೈಸೆನ್ಸಿಗೆ ಅರ್ಜಿ ಹಾಕಿದೆವು. ಅದಕ್ಕೊಂದು ಸಣ್ಣ ಪರೀಕ್ಷೆ ಇದೆ, ರಸ್ತೆ ನಿಯಮಗಳ ಪ್ರಶ್ನೆಗಳು. ನಾನು ಬೋರ್ಡುಗಳನ್ನೆಲ್ಲ ಉರು ಹೊಡೆದರೆ ಮಾವ ತನ್ನದೇ ಪ್ರಶ್ನೆಪತ್ರಿಕೆ ತೆಗೆದ.

"ಮುಂದೆ ಎಮ್ಮೆ. ಹಿಂದೆ ಬಸ್ಸು. ಪಕ್ಕದಲ್ಲಿ ನಿಮ್ಮ ಬೀಗರು ಕೈಯೆತ್ತಿ ಕರೀತಾ ಅವ್ರೆ. ಏನ್ಮಾಡ್ತಿ?"

"ಇಂಡಿಕೇಟರ್ ಹಾಕಿ, ಪಕ್ಕಕ್ಕೆ ನಿಲ್ಲಿಸಿ ಮಾತಾಡಿಸ್ತೀನಿ."

"ತಪ್ಪು! ಎಮ್ಮೆ ದಾಟೋಗಂಟ ಬೀಗರ ಕಡೆ ತಿರುಗಿ ನೋಡ್ಲೇಬಾರ್ದು. ಬೀಗರು ಕೋಪ ಮಾಡ್ಕಂಡ್ರೆ ಒಂದೂಟ ಆಕುದ್ರೆ ಸರಿಯೋಯ್ತದೆ. ಎಮ್ಮೆ ಅಂಗಲ್ಲ."

ಎಲ್‌ಎಲ್ ಬಂದ ಮೇಲೆ ಸ್ಕೂಟರು ನನ್ನ ಕೈಗೆ ಸಿಕ್ಕಿತು. ಮೊದಲು ಸ್ಕೂಲ್ ಫೀಲ್ಡಿನಲ್ಲಿ ಸುತ್ತು, ಆಮೇಲೆ ಕೆಂಪಕ್ಷರದ ಎಲ್ ಬೋರ್ಡು ಅಂಟಿಸಿಕೊಂಡು ರಸ್ತೆ. ಕಲಿಯುವವರ ಹಿಂದೆ ಲೈಸೆನ್ಸ್ ಇದ್ದು ಕಲಿಸುವವರನ್ನು ಬಿಟ್ಟು ಯಾರೂ ಕೂರುವಂತಿಲ್ಲ. ಮಾವ ಕೂರುತ್ತಾನೆ ಎಂದುಕೊಂಡರೆ ಅವನು ಬಿಲ್ಕುಲ್ ಒಪ್ಪಲಿಲ್ಲ. "ಗಾಡಿ ನಿಮ್ಮಪ್ಪಂದು, ಜೀವನೂ ಅವಂದೇ ಓಗ್ಲಿ" ಎಂದು ಅಪ್ಪನನ್ನು ನನ್ನ ಹಿಂದೆ ಹತ್ತಿಸಿದ. ಅಪ್ಪ ಊರು ದಾಟುವ ತನಕ ಕಣ್ಣು ಮುಚ್ಚಿಕೊಂಡು "ಮಾದಪ್ಪಾ, ಮಾದಪ್ಪಾ" ಅನ್ನುತ್ತಿದ್ದರು. ಒಂದು ಹಂಪು ಬಂದರೆ ಸಾಕು, ಮಾದಪ್ಪನಿಗೆ ಹರಕೆಯೊಂದು ಹೆಚ್ಚಾಗುತ್ತಿತ್ತು.

ತಿಂಗಳು ಕಳೆದು ಚಾಮರಾಜನಗರದಲ್ಲಿ ಟೆಸ್ಟು. ಎಂಟರ ಆಕಾರದಲ್ಲಿ ಕಾಲು ಕೆಳಗಿಡದೆ ತಿರುಗಿಸಬೇಕು. ಕಾಲಿಟ್ಟರೆ ಬಿ.ಎ.! ಎದೆ ಮಾಂಬಳ್ಳಿಯ ಮಿಲ್ಲಿನ ಹಾಗೆ ದಡದಡ ಅನ್ನುತ್ತಿತ್ತು. ಹೊರಡುವ ಮುಂಚೆ ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಕನ್ನಡಿ ನೋಡಿದೆ, ಹಿಂದೆ ತಿರುಗಿ ನೋಡಿದೆ, ಮತ್ತೆ ಮೊದಲಿಂದ ನೋಡಿದೆ. ಇನ್ಸ್‌ಪೆಕ್ಟರಿಗೆ ಗಾಬರಿಯಾಯಿತು.

"ಯಾಕಮ್ಮಾ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದ್ದಾರಾ?"

"ಇಲ್ಲ ಸರ್. ಆಡು ಬರಬಹುದು ಅಂತ."

ಅವರು ನಗುತ್ತಲೇ ಕೈ ಬೀಸಿದರು. ನಾನು ಎಂಟು ತಿರುಗಿಸಿದೆ. ಕಾಲು ನೆಲ ಮುಟ್ಟಲಿಲ್ಲ.

ಪಾಸೇನೋ ಆಯಿತು, ಆದರೆ ಕಾರ್ಡು ಬರಬೇಕಲ್ಲ! ಕಾಲೇಜು ಶುರುವಾಗಲು ವಾರ ಇರುವಾಗ ಪೋಸ್ಟ್‌ಮ್ಯಾನ್ ಲಕೋಟೆ ತಂದುಕೊಟ್ಟರು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಸ್ಕೂಟರಿನ ಕೀ ನನ್ನ ಕೈಗಿಟ್ಟರು. ನಾನು ಸೀದಾ ಮಿಲ್ಲಿಗೆ ಓಡಿಸಿದೆ. ಮಾವ ಕಾರ್ಡನ್ನು ಮೂಗಿನ ಹತ್ತಿರ ಹಿಡಿದ, ದೂರ ಹಿಡಿದ, ಬಾಗಿಲ ಬೆಳಕಿಗೆ ಹಿಡಿದ. ಆಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ವಾಪಸು ಕೊಟ್ಟ. ಮಿಲ್ಲಿನ ಸ್ವಿಚ್ಚು ಆರಿಸಿ, ಮುಖದ ಹಿಟ್ಟು ತೊಳೆದು, ಹೆಲ್ಮೆಟ್ ಹಾಕಿಕೊಂಡು ಬಂದು ನನ್ನ ಹಿಂದೆ ಕೂತ.

"ನಡಿ, ಕೊಳ್ಳೇಗಾಲಕ್ಕೆ."

"ಸ್ವೀಟ್ ತಗೊಳ್ಳೋಕಾ ಮಾವ?"

"ಕಣ್ಣಿನ ಆಸ್ಪತ್ರೆಗೆ."

ಊರು ದಾಟಿ ಗದ್ದೆ ಬಯಲು ಬಂದ ಮೇಲೆ ತಾನಾಗಿಯೇ ಹೇಳಿದ. ಹಿಂದಿನ ವರ್ಷ ಅವನ ಲೈಸೆನ್ಸಿನ ಅವಧಿ ಮುಗಿದಿತ್ತಂತೆ. ನಲವತ್ತು ದಾಟಿದವರು ನವೀಕರಿಸಲು ಡಾಕ್ಟರ ಸರ್ಟಿಫಿಕೇಟು ಬೇಕಲ್ಲ, ಅದಕ್ಕೆ ಹೋಗಿದ್ದಾನೆ. ಗೋಡೆಯ ಮೇಲಿನ ಅಕ್ಷರ ಓದು ಎಂದಿದ್ದಾರೆ. ಇವನು ಕೊನೆಯ ಸಾಲಿನ ತನಕ ಪಟಪಟ ಒಪ್ಪಿಸಿದ್ದಾನೆ. ಡಾಕ್ಟರು ಸಹಿ ಹಾಕಲು ಪೆನ್ನು ತೆಗೆದಿದ್ದಾರೆ.

"ಆಗ ಮನಸು ತಡೀನಿಲ್ಲ ಕಣವ್ವ. ಸಾ, ತಡೀರಿ, ಅದು ಮುಂದ್ಗಡೆಯೋನು ಓದಿದ್ದ ಕೇಳಿಸ್ಕಂಡಿದ್ದು, ನನ್ನ ಕಣ್ಗೆ ಕಂಡಿದ್ದಲ್ಲ ಅಂದ್ಬುಟ್ಟೆ."

ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮಾಡಿಸಿದರೆ ಚೆನ್ನಾಗಿ ಕಾಣುತ್ತದೆ ಎಂದು ಡಾಕ್ಟರು ಆವತ್ತೇ ಹೇಳಿದ್ದರಂತೆ. ಇವನಿಗೆ ಧೈರ್ಯ ಬರಲಿಲ್ಲ. ಯಾರಿಗೂ ಹೇಳದೆ ಮನೆಗೆ ಬಂದ. ಮಾರನೇ ವಾರ ತನ್ನ ಸ್ಕೂಟರು ಮಾರಿದ. ಪೆಟ್ರೋಲಿಗೆ ಜಿಪುಣತನ ಎಂದು ಊರೆಲ್ಲ ನಕ್ಕಿತ್ತು, ನಾವೂ ನಕ್ಕಿದ್ದೆವು. ನನ್ನ ಹಿಂದೆ ಅವನು ಯಾಕೆ ಕೂರಲಿಲ್ಲ ಎಂಬುದು ಈಗ ಅರ್ಥವಾಯಿತು. ಕೂರಲು ಅವನ ಬಳಿ ಲೈಸೆನ್ಸೇ ಇರಲಿಲ್ಲ.

"ಬಸ್ಸಲ್ಲಿ ಓಗ್ಬೋದಿತ್ತು, ನಿಮ್ಮತ್ತೆ ಜೊತೇಲಿ ಓಗ್ಬೋದಿತ್ತು" ಎಂದು ಹಿಂದಿನಿಂದ ಮೆಲ್ಲಗೆ ಅಂದ. "ಕಣ್ಣಿಗೆ ಕತ್ರಿ ಆಕ್ತಾರೆ ಅಂದ್ರೆ ಭಯ ಕಣವ್ವ ನಂಗೆ. ನಿಂದು ಲೈಸೆನ್ಸ್ ಆಗ್ಲಿ, ನೀನು ಕರ್ಕಂಡೋದ್ರೆ ಓಯ್ತೀನಿ ಅಂತ ಮಾದಪ್ಪನ ಮುಂದೆ ಅಂದ್ಕಂಡಿದ್ದೆ. ನೀನು ಎಂಟಾಕುವಾಗ ಕಾಲು ಮಡಗ್ಬುಟ್ಟಿದ್ರೆ ಅಂಗೇ ತಪ್ಪಿಸ್ಕಂತಿದ್ದೆ."

ನಾನು ನಗಬೇಕೆಂದುಕೊಂಡೆ, ಆಗಲಿಲ್ಲ. ಎಡಗಡೆಯ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ, ಸ್ಕೂಟರನ್ನು ರಸ್ತೆಯ ಅಂಚಿಗಿಳಿಸಿ ನಿಲ್ಲಿಸಿದೆ.

"ಯಾಕವ್ವ ನಿಲ್ಸ್ದೆ? ಮುಂದೆ ಏನಾರ ಅಡ್ಡ ಬಂತಾ?"

"ಏನೂ ಇಲ್ಲ ಮಾವ. ಕಣ್ಣೆಲ್ಲ ಮಂಜಾಗೋಯ್ತು. ರಸ್ತೆ ಕಾಣ್ತಾ ಇಲ್ಲ."

ಮಾವ ಹೆಗಲ ಟವಲನ್ನು ಹಿಂದಿನಿಂದಲೇ ನನ್ನ ಕೈಗೆ ಕೊಟ್ಟ.

"ಕಾಣ್ದೆ ಇದ್ದಾಗ ನಿಲ್ಸ್ದೆಯಲ್ಲ, ಸಾಕು ಬುಡು. ಅದ್ನೇ ಕಣವ್ವ ನಾನು ಕಲಿಸ್ಬೇಕು ಅಂತಿದ್ದಿದ್ದು. ಒರಸ್ಕ. ನಿಧಾನಕ್ಕೆ ಓಗಾನ."