ನೀರಿಗೆ ಪಾಸು-ಫೇಲು ಮಾಡುವ ನಮ್ಮ ಅತ್ತೆ

ನಮ್ಮ ಅತ್ತೆಯನ್ನು ಮಾತ್ರ ಯಾರೂ ಚಹಾಕ್ಕೆ ಕರೆಯಬೇಡಿ! ಕೈ ಮುಗಿದು ಕೇಳಿಕೊಳ್ಳುತ್ತಿದ್ದೇನೆ. ಅತ್ತೆ ಅಂದರೆ ಹೆಂಡತಿಯ ತಾಯಿ ಅಂದುಕೊಂಡೀರಿ ಮತ್ತೆ. ಆಕೆ ಪಾಪ, ಕೊಟ್ಟ ಚಹಾ ಕುಡಿದು ಸುಮ್ಮನಿರುವ ಹೆಂಗಸು. ನಾನು ಹೇಳುತ್ತಿರುವುದು ನಮ್ಮ ಅಪ್ಪನ ತಂಗಿಯ ಬಗ್ಗೆ. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ಆಯುಷ್ಯವಿಡೀ ನೀರಿನ ಪರೀಕ್ಷೆ ಮಾಡಿ, ವಿಜ್ಞಾನಿಯಾಗಿ ನಿವೃತ್ತಳಾಗಿ, ಈಗ ಶಹಾಪುರ-ಸುರಪುರದ ನಡುವಿನ ನಮ್ಮೂರಿಗೆ ಬಂದು ನಮ್ಮ ಮನೆಯಲ್ಲೇ ಇದ್ದಾಳೆ. ನಿವೃತ್ತಿ ಅಂತ ನಾವು ಹೇಳಿಕೊಳ್ಳುವುದಷ್ಟೇ. ಆ ಸುದ್ದಿ ಅತ್ತೆಗಿನ್ನೂ ತಲುಪಿಲ್ಲ!

ನೀವು ಪ್ರೀತಿಯಿಂದ ಚಹಾದ ಕಪ್ಪು ಮುಂದಿಡುತ್ತೀರಿ. ಆಕೆ ಮುಟ್ಟುವುದಿಲ್ಲ. "ಇದು ಯಾವ ಬೋರಿನ ನೀರವ್ವ?" ಎಂದು ಕೇಳುತ್ತಾಳೆ. ಆಮೇಲೆ ಹೆಗಲಚೀಲದಿಂದ ಒಂದು ಗಾಜಿನ ನಳಿಗೆ, ಒಂದು ಸಣ್ಣ ಬಾಟಲಿ ಹೊರಬರುತ್ತವೆ. ನಿಮ್ಮ ಮನೆಯ ನೀರಿಗೆ ನಾಲ್ಕು ಹನಿ ಗುಲಾಬಿ ಔಷಧಿ ಬೀಳುತ್ತದೆ. ಗುಲಾಬಿ ಬಣ್ಣ ಉಳಿದರೆ ನೀವು ಪಾಸು. ಹಳದಿಗೆ ತಿರುಗಿತೋ, ಹಲ್ಲು-ಎಲುಬು ಕೆಡಿಸುವ ಫ್ಲೋರೈಡು ಹೆಚ್ಚಾಗಿದೆ ಎಂದರ್ಥ. ನಿಮ್ಮ ಚಹಾ ನಿಮ್ಮ ಮುಂದೆಯೇ ಬಚ್ಚಲಿಗೆ ಹೋಗುತ್ತದೆ! ಶಿರವಾಳದ ಹಳೆಯ ಗುಡಿಗಳನ್ನು ತೋರಿಸಲು ಕರೆದೊಯ್ದರೆ ಅಲ್ಲಿಯೂ ಆಕೆ ಮೊದಲು ನೋಡಿದ್ದು ನೀರನ್ನು, ದೇವರು ಆಮೇಲೆ.

"ಅತ್ತೀ, ನೀವ್ಯಾಕ ಮದುವಿ ಆಗಲಿಲ್ರಿ?" ಎಂದು ನನ್ನ ಹೆಂಡತಿ ಒಮ್ಮೆ ಧೈರ್ಯ ಮಾಡಿ ಕೇಳಿದ್ದಳು.

"ಸ್ಯಾಂಪಲ್ ಭಾಳ ಬಂದಿದ್ವು ತಂಗಿ, ಒಂದೂ ಪಾಸಾಗಲಿಲ್ಲ," ಎಂದಳು ಅತ್ತೆ, ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ.

ಇಂಥವಳನ್ನು ನನ್ನ ಅಕ್ಕ ತನ್ನ ಮಗಳಿಗೆ ವರನ ಮನೆ ನೋಡಲು ಸುರಪುರಕ್ಕೆ ಕರೆದುಕೊಂಡು ಹೋದಳು. ಬೇಡ ಎಂದು ನಾನು ಸನ್ನೆ ಮಾಡಿದ್ದೆ. ನೋಡಿದರೆ ತಾನೇ? ಕೊನೆಗೆ ನಾನೂ ಜೊತೆಗೆ ಹೋದೆ. ಅಲ್ಲಿ ಎಲ್ಲ ಚೆನ್ನಾಗಿಯೇ ನಡೆದಿತ್ತು. ಹುಡುಗ ಚೆಂದ, ಮಾತು ಮೃದು, ಉಪ್ಪಿಟ್ಟು ಬಿಸಿ. ಅಷ್ಟರಲ್ಲಿ ಅತ್ತೆಯ ಚೀಲ ಬಿಚ್ಚಿಕೊಂಡಿತು! ಎರಡೂ ಮನೆಯವರು ಉಸಿರು ಬಿಗಿಹಿಡಿದು ನಳಿಗೆಯನ್ನೇ ನೋಡುತ್ತ ಕೂತೆವು. ನೀರು ಹಳದಿಯಾಯಿತು.

"ಹುಡುಗ ಪಾಸು. ಬೋರು ಫೇಲು," ಎಂದು ಅತ್ತೆ ಫಲಿತಾಂಶ ಪ್ರಕಟಿಸಿದಳು.

ಹುಡುಗನ ತಂದೆಯ ಮೀಸೆ ಕುಣಿಯಿತು. "ನಮ್ಮ ಮನಿತನ ನೋಡಾಕ ಬಂದೀರೋ, ನಮ್ಮ ನೀರು ನೋಡಾಕ ಬಂದೀರೋ?"

"ನಮ್ಮ ಹುಡುಗಿ ದಿನಾ ಕುಡಿಯೋದು ನಿಮ್ಮ ಮನಿತನ ಅಲ್ರಿ, ನಿಮ್ಮ ನೀರು."

ಸಂಬಂಧ ಮುರಿಯಿತು ಅಂದುಕೊಂಡೇ ಬಸ್ಸು ಹತ್ತಿದೆವು. ಅಕ್ಕ ದಾರಿಯುದ್ದಕ್ಕೂ ಗೊಣಗಿದಳು. ಅತ್ತೆ ದಾರಿಯುದ್ದಕ್ಕೂ ಓದಿದಳು. ಮಾರನೇ ದಿನ ಮುಂಜಾನೆ ಹುಡುಗನ ಫೋನು ಬಂತು. "ವಿಜ್ಞಾನಿ ಅತ್ತಿಯವರಿಗೆ ಕೊಡ್ರಿ. ಹಂಗಾದ್ರ ನಮ್ಮವ್ವಗ ಯಾವ ನೀರು ಕುಡಸಬೇಕಂತ ಕೇಳಬೇಕಾಗ್ಯಾದ." ಹುಡುಗಿಗಿಂತ ಮೊದಲು ಹುಡುಗಿಯ ತಾಯಿಯ ಮುದಿಯತ್ತೆಯನ್ನು ಫೋನಿಗೆ ಕರೆದ ಅಳಿಯ ಜಗತ್ತಿನಲ್ಲಿ ಇವನೊಬ್ಬನೇ ಇರಬೇಕು! ಮದುವೆಯಾಯಿತು. ಈಗ ಆ ಬೀಗರೇ ನೆರೆಹೊರೆಯವರ ನೀರನ್ನು ಸೀಸೆಯಲ್ಲಿ ತುಂಬಿಸಿ ನಮ್ಮ ಮನೆಗೆ ಕಳಿಸುತ್ತಾರೆ.

ಓದುವುದೆಂದೆನಲ್ಲ, ಅದೊಂದು ಬೇರೆಯೇ ಹುಚ್ಚು. ಅಕ್ಷರವಿದ್ದದ್ದು ಯಾವುದೂ ಆಕೆಯ ಕಣ್ಣು ತಪ್ಪಿಸಿಕೊಳ್ಳುವ ಹಾಗಿಲ್ಲ. ಶಹಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ತಿನ್ನುವುದೆಂದರೆ ಆಕೆಗೆ ಪ್ರಾಣ. ಭಜಿಗಿಂತ, ಭಜಿ ಕಟ್ಟಿದ ಕಾಗದದ ಮೇಲೆ ಇನ್ನಷ್ಟು ಪ್ರಾಣ! ಒಮ್ಮೆ ಎಣ್ಣೆಯಲ್ಲಿ ನೆನೆದ ಹಳೆಯ ವಾರಪತ್ರಿಕೆಯ ಹಾಳೆಯಲ್ಲಿ ಅರ್ಧ ಕತೆ ಸಿಕ್ಕಿತು. ನಾಯಕಿ ಬಾವಿಯ ಕಟ್ಟೆಯ ಮೇಲೆ ನಿಂತಲ್ಲಿಗೆ ಹಾಳೆ ಹರಿದಿತ್ತು. ಅತ್ತೆ ಅಲ್ಲಿಂದ ಕದಲಿದರೆ ಕೇಳಿ!

"ತಮ್ಮಾ, ಇದರ ಉಳದ ಅರ್ಧ ಎಲ್ಲದನೋ?"

ಅಂಗಡಿಯವ ಭಜಿ ಎತ್ತುವ ಜಾರಿ ಸೌಟನ್ನು ಕೆಳಗಿಟ್ಟು ತಲೆ ಕೆರೆದುಕೊಂಡ. "ಅಕ್ಕಾರ, ಅದರಾಗ ಈಗರೇ ಡ್ರೈವರ್ ಸಾಹೇಬ್ರಿಗೆ ಭಜಿ ಕಟ್ಟಿ ಕೊಟ್ಟೀನ್ರಿ. ಕತಿ ಯಾದಗಿರಿಗೆ ಹೋಗ್ಯಾದ!"

ಈಗ ಅಸಲಿ ಪ್ರಸಂಗಕ್ಕೆ ಬರುತ್ತೇನೆ. ನಾನು ನಮ್ಮೂರ ಶಾಲೆಯ ಮಾಸ್ತರ. ಶಾಲೆಯ ಅಂಗಳದಲ್ಲೊಂದು ಕೈಪಂಪು ಇತ್ತು. ಅದರ ನೀರೆಂದರೆ ಊರಿಗೆಲ್ಲ ಅಭಿಮಾನ. ರುಚಿಗೆ ರುಚಿ, ಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. ಅತ್ತೆ ಒಂದು ದಿನ ನನಗೆ ಊಟದ ಡಬ್ಬಿ ಕೊಡಲು ಬಂದವಳು ನಾಲ್ಕನೇ ತರಗತಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಬಾಯಿ ತೆಗೀರಿ" ಎಂದಳು. ಮಕ್ಕಳ ಹಲ್ಲುಗಳ ಮೇಲೆ ಕಂದು ಗೆರೆಗಳು. ದಿನಾ ಆ ಬಾಯಿಗಳಿಂದ ಮಗ್ಗಿ ಹೇಳಿಸುವ ನನಗೆ ಅವು ಒಂದು ದಿನವೂ ಕಂಡಿರಲಿಲ್ಲ! ಪಂಪಿನ ನೀರಿಗೆ ನಾಲ್ಕು ಹನಿ ಬಿತ್ತು. ಅಷ್ಟು ಹಳದಿಯನ್ನು ನಾನು ಅರಿಷಿಣದಲ್ಲೂ ನೋಡಿರಲಿಲ್ಲ.

ಮರುದಿನ ಶಾಲೆಗೆ ಹೋದರೆ ಪಂಪು ಕೆಂಪಗೆ ನಿಂತಿತ್ತು. ಅತ್ತೆ ನಸುಕಿನಲ್ಲೇ ಎದ್ದು ಬಣ್ಣ ಬಳಿದು, "ಕುಡಿಯಬಾರದು" ಎಂದು ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು. ಊರೇ ಕೂಡಿತು. "ಮುತ್ತ್ಯಾನ ಕಾಲದಿಂದ ಕುಡಿಯಾಕತ್ತೀವಿ, ನಾವೇನು ಸತ್ತೇವೇನು?" ಎಂದು ಒಬ್ಬರು. "ಸರ್ಕಾರದ ಪಂಪಿಗೆ ಬಣ್ಣ ಹಚ್ಚಾಕ ನೀ ಯಾರವ್ವ?" ಎಂದು ಇನ್ನೊಬ್ಬರು. ಹೆಡ್‌ಮಾಸ್ತರು ನನ್ನನ್ನು ಕರೆದು, ಬಣ್ಣ ನಾನೇ ಬಳಿದೆನೇನೋ ಎಂಬಂತೆ ಬೈದರು. ಅತ್ತೆ ಮಾತ್ರ ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಬೈರಿ, ಬೈರಿ. ಆದ್ರ ಕುಡೀಬ್ಯಾಡ್ರಿ," ಎಂದಳು.

ಆಮೇಲೆ ಶುರುವಾಯಿತು ಸೋಮವಾರದ ಯಾತ್ರೆ. ನದಿಯ ನೀರಿನ ಪೈಪು ನಮ್ಮೂರಿಗೂ ಬರಬೇಕೆಂದು ಅರ್ಜಿ ಬರೆದು, ಪ್ರತಿ ಸೋಮವಾರ ಯಾದಗಿರಿಯ ನೀರು ಪೂರೈಕೆ ಆಫೀಸಿಗೆ ಹೋಗಿ ಅತ್ತೆ ಬಾಗಿಲ ಬೆಂಚಿನ ಮೇಲೆ ಕೂರುತ್ತಿದ್ದಳು. ಒಂದು ಕೈಯಲ್ಲಿ ನಮ್ಮ ಪಂಪಿನ ನೀರಿನ ಬಾಟಲಿ, ಇನ್ನೊಂದರಲ್ಲಿ ದಪ್ಪ ಕಾದಂಬರಿ, ಅದೂ ನಾಲ್ಕು ಸಂಪುಟದ್ದು.

"ಅಮ್ಮಾರ, ಫೈಲು ನಡದದ್ರಿ," ಎನ್ನುತ್ತಿದ್ದರು ಸಾಹೇಬರು.

"ನಡೀಲಿ ಸಾಹೇಬ್ರ. ಅದಕ ಕಾಲು ನೋವು ಬಂದ್ರ ಹೇಳ್ರಿ, ನಾ ಎತಗೊಂಡು ಬರ್ತೀನಿ. ಅಲ್ಲೀತನ ನಮ್ಮೂರ ನೀರು ಒಂದು ಗ್ಲಾಸು ತಗೋರಿ."

"ಈಗರೇ ಕುಡದೀನ್ರಿ!" ಎಂದು ಸಾಹೇಬರು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎಷ್ಟೋ ಸೋಮವಾರ ಕಳೆದರೂ ಅವರಿಗೆ ಒಮ್ಮೆಯೂ ನೀರಡಿಕೆಯಾಗಲಿಲ್ಲ ನೋಡಿ!

ನೀರಡಿಕೆಯಾದದ್ದು ಜವಾನನಿಗೆ, ಕತೆಯದ್ದು. ಅತ್ತೆ ಪುಟ ತಿರುಗಿಸುತ್ತ ತನ್ನಷ್ಟಕ್ಕೆ ನಗುವುದನ್ನು, ನಿಟ್ಟುಸಿರು ಬಿಡುವುದನ್ನು ನೋಡಿ "ಏನಾತ್ರಿ ಅಮ್ಮಾರ?" ಎಂದು ಒಮ್ಮೆ ಕೇಳಿದ. ಅತ್ತೆ ಹೇಳಿದಳು. ಮುಂದಿನ ವಾರ ಇಬ್ಬರು ಗುಮಾಸ್ತರು ಕುರ್ಚಿ ಎಳೆದುಕೊಂಡು ಬಂದರು. ಮೂರನೇ ಸಂಪುಟದ ಹೊತ್ತಿಗೆ ಸೋಮವಾರ ಮಧ್ಯಾಹ್ನ ಅರ್ಧ ಆಫೀಸು ಬೆಂಚಿನ ಸುತ್ತ! ಸಾಹೇಬರ ಬಾಗಿಲು ಕೂಡ ನಾಲ್ಕು ಬೆರಳು ತೆರೆದಿರತೊಡಗಿತು. ಕೊನೆಗೊಂದು ಸೋಮವಾರ ಅವರೇ ಹೊರಗೆ ಬಂದು, ಮಂಜೂರಾತಿಯ ಕಾಗದ ಅತ್ತೆಯ ಕೈಗಿತ್ತರು.

"ನಿಮ್ಮ ಕೆಲಸ ಆತ್ರಿ. ಆದ್ರ ನಾಲ್ಕನೇ ಸಂಪುಟ ಮುಗಿಸೇ ಹೋಗ್ರಿ, ಅಮ್ಮಾರ!"

ಪೈಪು ಹೂಳಲು ಅಗೆದ ಪ್ರತಿಯೊಂದು ಗುಂಡಿಯ ಪಕ್ಕದಲ್ಲೂ ಅತ್ತೆ ಕೊಡೆ ಹಿಡಿದು ನಿಂತಳು. ಬೈದಿದ್ದವರೇ ಆಕೆಗೆ ಚಹಾ ತಂದುಕೊಟ್ಟರು. ನೀರು ಬರುವ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದರು. ಹಾರ, ಶಾಲು, ಮೈಕು, ಮುಖ್ಯ ಅತಿಥಿಗಳು ಎಲ್ಲ ಬಂದರು. ನಳ ತಿರುಗಿಸಿದಾಗ ಮಕ್ಕಳು ಹಾಕಿದ ಕೇಕೆಗೆ ಶಾಮಿಯಾನ ಹಾರಿಹೋಗುವುದೊಂದು ಬಾಕಿ. "ನಮ್ಮ ಅತ್ತಿರಿ, ನಮ್ಮ ಸ್ವಂತ ಅತ್ತಿ," ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತ ತಿರುಗುತ್ತಿದ್ದೆ. ನಾಚಿಕೆಯೇನು ಬಂತು? ಆದರೆ ಸನ್ಮಾನಕ್ಕೆ ಹೆಸರು ಕೂಗಿದರೆ ಅತ್ತೆಯ ಪತ್ತೆಯೇ ಇಲ್ಲ!

ಹುಡುಕುತ್ತ ಹೊರಟೆ. ಕೊನೆಯ ಓಣಿಯಲ್ಲಿ, ನಿಂಗವ್ವ ಎಂಬ ಮುದುಕಿಯ ಮನೆಯ ಮುಂದೆ ಅತ್ತೆಯ ಚಪ್ಪಲಿ ಕಂಡವು. ನಿಂಗವ್ವನ ಬೆನ್ನು ಬಿಲ್ಲಿನಂತೆ ಬಾಗಿ ಬಿಗಿದುಹೋಗಿದೆ. ಎಷ್ಟೋ ವರ್ಷಗಳಿಂದ ಆಕೆ ತಲೆಯೆತ್ತಿ ಯಾರ ಮುಖವನ್ನೂ ನೋಡಿಲ್ಲ. ಆಕೆಗೆ ಕಾಣುವುದು ನೆಲ, ಮತ್ತೆ ಎದುರಿನವರ ಪಾದ. ಆ ದಿನ ಅತ್ತೆ ಹೊಸ ನಳದ ಮೊದಲ ಕೊಡವನ್ನು ಟೊಂಕದ ಮೇಲೆ ಹೊತ್ತು ಅಲ್ಲಿಗೆ ತಂದಿದ್ದಳು. ಗೆಳತಿಗೆ ತನ್ನ ಮುಖ ಕಾಣಲೆಂದು ಬರೀ ನೆಲದ ಮೇಲೆ ಅಂಗಾತ ಒರಗಿ, ಚಮಚೆಯಿಂದ ನೀರು ಕುಡಿಸುತ್ತಿದ್ದಳು.

ನನ್ನನ್ನು ನೋಡಿ ಏಳಲಿಲ್ಲ. "ಸಾಲ್ಯಾಗ ನಾವಿಬ್ರು ಒಂದೇ ಸಾಲಿನಾಗ ಕೂಡತಿದ್ವಿ," ಎಂದಳು. "ಲೆಕ್ಕದಾಗ ಇಕಿ ಫಸ್ಟು, ನಾ ಸೆಕೆಂಡು. ನಮ್ಮಪ್ಪ ನನ್ನ ಶಹಾಪುರದ ಹೈಸ್ಕೂಲಿಗೆ ಕಳಿಸಿದ. ಇಕಿ ಇಲ್ಲೇ ಉಳದು, ಇಲ್ಲಿನ ನೀರೇ ಕುಡದಳು." ಆಮೇಲೆ ಗೆಳತಿಯ ಕಡೆ ತಿರುಗಿದಳು. "ನಾ ಭಾಳ ತಡ ಮಾಡಿದ್ನೇನ ನಿಂಗವ್ವ?"

ನಿಂಗವ್ವ ಗಂಟುಗಟ್ಟಿದ ಬೆರಳುಗಳಿಂದ ಅತ್ತೆಯ ಕೆನ್ನೆ ಸವರಿದಳು.

"ನನಗ ತಡ ಆತವ್ವ. ನನ್ನ ಮೊಮ್ಮಗಳಿಗೆ ಆಗಿಲ್ಲ."

ನಾನು ಸದ್ದಾಗದಂತೆ ಹಿಂದಿರುಗಿದೆ. ಶಾಮಿಯಾನದಲ್ಲಿ ಎಲ್ಲರೂ ಹಾರ ಹಿಡಿದು ಕಾಯುತ್ತಿದ್ದರು.

"ಅತ್ತಿ ಸಿಗಲಿಲ್ರಿ," ಎಂದೆ. "ನೀವು ಕಾರ್ಯಕ್ರಮ ನಡಸ್ರಿ."